ಪಾದ್ರಮ್ಮ ಬಂದ ವರ್ಷ

ಹೋದ ವಾರ ಒಂದು ಮಧ್ಯಾಹ್ನ ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕಿ ನಿಂತಿದ್ದೆ. ಹಾಲ್‌ನಲ್ಲಿ ಮಗಳು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಏನೋ ನೋಡುತ್ತಿದ್ದಳು. ಚರ್ಚಿನ ಗಂಟೆ ಕೇಳಿತು. ಆಮೇಲೆ ಒಂದು ಗುಂಪು ಜನ ಒಟ್ಟಿಗೆ ನಕ್ಕ ಸದ್ದು, ಅದರ ಮೇಲೆ ಒಬ್ಬ ಹೆಂಗಸಿನ ತುಂಬಿದ ದನಿ. ಸಾಸಿವೆ ಸೀದು ಕಪ್ಪಾಗಿದ್ದೂ ನನಗೆ ತಿಳಿಯಲಿಲ್ಲ. ಸೌಟು ಹಿಡಿದುಕೊಂಡೇ ಓಡಿದೆ.

“ಪಾದ್ರಮ್ಮ!” ಅಂತ ಕೂಗಿದೆ.

ಮಗಳು ಬೆಚ್ಚಿಬಿದ್ದಳು. “ಯಾರಮ್ಮ ಅದು?”

ಸ್ಕ್ರೀನಿನ ಮೇಲೆ ಅವಳೇ. ಕಪ್ಪು ಅಂಗಿ, ಕುತ್ತಿಗೆಗೆ ಬಿಳಿ ಪಟ್ಟಿ, ಬಾಯಿ ತುಂಬ ನಗು. ಇಂಗ್ಲೆಂಡಿನ ಯಾವುದೋ ಹಳ್ಳಿಯವರು ಚರ್ಚಿಗೆ ಹೊಸ ಪಾದ್ರಿ ಬರುತ್ತಾನೆ ಅಂತ ಕಾದು ಕೂತಿದ್ದರೆ ಹೆಂಗಸೊಬ್ಬಳು ಬಂದು ಇಳಿಯುವ ನಗೆ ಸೀರಿಯಲ್ಲು. ಈಗ ನೋಡಿದರೆ ಕೆಳಗೆ ಅಕ್ಷರ ಬರುತ್ತಿದೆ, ಅವರು ಆಡಿದ್ದೆಲ್ಲ ಬರಹದಲ್ಲಿ. ಆ ಜನ ನಿಜವಾಗಿ ಏನು ಮಾತಾಡುತ್ತಿದ್ದರು ಅಂತ ಇಷ್ಟು ವರ್ಷದ ಮೇಲೆ ನನಗೆ ಮೊದಲ ಸಲ ತಿಳಿಯಿತು. ಅಡುಗೆ ಅಲ್ಲಿಗೇ ಬಿಟ್ಟು ಮಗಳ ಪಕ್ಕ ಕೂತು ಒಂದಾದ ಮೇಲೊಂದು ನೋಡಿದೆ. ಒಂದು ಕಡೆ ಬಂದಾಗ “ತಡಿ ತಡಿ, ಹಿಂದಕ್ಕೆ ಹಾಕು” ಅಂದೆ. ಎರಡನೇ ಸಲ ನೋಡಿದ ಮೇಲೂ ನಂಬಿಕೆ ಬರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಈ ಶನಿವಾರ ಭದ್ರಾವತಿಗೆ ಹೋಗಲೇಬೇಕು, ರುದ್ರಪ್ಪ ಮಾವನ್ನ ಒಂದು ಮಾತು ಕೇಳಲೇಬೇಕು ಅಂತ ತೀರ್ಮಾನ ಮಾಡಿದೆ.

ಅದೇನು ಅಂತ ಹೇಳಬೇಕಾದರೆ ಆ ವರ್ಷದ ಕತೆಯನ್ನೇ ಹೇಳಬೇಕು.

ತೊಂಬತ್ತರ ದಶಕದ ಕೊನೆ. ನಮ್ಮ ಮನೆ ಆಗ ಭದ್ರಾವತಿಯ ಜನ್ನಾಪುರದಲ್ಲಿ. ಅಪ್ಪ ಕಾರ್ಖಾನೆಯಲ್ಲಿದ್ದರು, ನಾನು ಬಸ್ಸಿನಲ್ಲಿ ನಿಂತುಕೊಂಡೇ ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗಿ ಎಂ.ಎ. ಇಂಗ್ಲಿಷ್ ಓದುತ್ತಿದ್ದೆ. ನಮ್ಮ ರಸ್ತೆಗೆ ಇಂಗ್ಲಿಷ್ ಎಂ.ಎ. ಅಂದರೆ ನಾನೊಬ್ಬಳೇ. ಆದರೆ ನಮ್ಮ ರಸ್ತೆಯ ಇಂಗ್ಲಿಷ್ ಪಂಡಿತರು ನಾನಲ್ಲ, ಎದುರು ಮನೆಯ ರುದ್ರಪ್ಪ ಮಾವ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಹಿಂದೆ ಯಾವಾಗಲೋ ಹೊಸ ಮಷೀನು ಕೂರಿಸೋಕೆ ಪರದೇಶದ ಇಂಜಿನಿಯರುಗಳು ಬಂದಿದ್ದಾಗ ಮಾವ ಅವರ ಜೊತೆ ಸ್ಪ್ಯಾನರ್ ಹಿಡಿದು ಓಡಾಡಿದ್ದರಂತೆ. ಆ ಒಂದು ಬಂಡವಾಳದ ಮೇಲೆ ಮಾವ ಜೀವಮಾನವೆಲ್ಲ ಇಂಗ್ಲಿಷ್ ವ್ಯಾಪಾರ ಮಾಡಿದರು. ಬ್ಯಾಂಕಿನ ಕಾಗದ ಬಂದರೆ ಮಾವ, ಔಷಧಿ ಬಾಟಲಿ ಮೇಲೆ ಏನಿದೆ ಅಂದರೆ ಮಾವ.

ಆ ಬೇಸಿಗೆಯಲ್ಲಿ ಮಾವನ ಮನೆಗೆ ಕೇಬಲ್ ಬಂತು. ರಸ್ತೆಯ ಹೆಂಗಸರೆಲ್ಲ ಭಾನುವಾರ ಸಂಜೆ ಅಲ್ಲಿ ಸೇರುತ್ತಿದ್ದರು. ನಮ್ಮ ಕರ್ಮಕ್ಕೆ ಕನ್ನಡದ ಚಾನೆಲ್ಲುಗಳಲ್ಲೆಲ್ಲ ಬರೀ ಹುಳ, ಚಿತ್ರವೇ ಕಾಣುತ್ತಿರಲಿಲ್ಲ. ಕೇಬಲ್‌ನವನಿಗೆ ಹೇಳಿ ಹೇಳಿ ಬಾಯಿ ಒಣಗಿತು. ಕನ್ನಡಿಯ ಹಾಗೆ ಸ್ವಚ್ಛವಾಗಿ ಬರುತ್ತಿದ್ದದ್ದು ಒಂದೇ ಒಂದು ಇಂಗ್ಲಿಷ್ ಚಾನೆಲ್. ಅದರಲ್ಲಿ ಭಾನುವಾರ ಸಂಜೆ ಈ ಸೀರಿಯಲ್ಲು.

ಮೊದಲ ದಿನ ಎಲ್ಲರೂ ಎದ್ದು ಹೊರಟಿದ್ದರು. ಆಗ ಮಾವನ ಹೆಂಡತಿ ಗೌರತ್ತೆ, “ಅಯ್ಯ, ಆ ಹೆಂಗಸು ಯಾಕ್ರೀ ಪಾದ್ರಿ ಅಂಗಿ ಹಾಕ್ಕೊಂಡಿದಾಳೆ?” ಅಂತ ಕೇಳಿದರು. ಮಾವ ಗಂಟಲು ಸರಿಮಾಡಿಕೊಂಡು, “ಅವಳೇ ಕಣೇ ಪಾದ್ರಿ. ಆ ಊರಿಗೆ ಗೌರ್ಮೆಂಟಿಂದ ಪೋಸ್ಟಿಂಗ್ ಆಗಿದೆ” ಅಂದರು. ಹೊಸ್ತಿಲು ದಾಟಿದವರೂ ವಾಪಸ್ಸು ಬಂದು ಕೂತರು. ಆವತ್ತಿಂದ ಅವಳು ಪಾದ್ರಮ್ಮ ಆದಳು, ಮಾವ ಭಾಷಾಂತರಕಾರರಾದರು.

ಅದೆಂಥ ಭಾಷಾಂತರ! ಒಂದು ಸಲ ಚರ್ಚಿನೊಳಗೆ ಕುರಿಯೊಂದು ನುಗ್ಗಿತು. ಪಾದ್ರಮ್ಮ ಅದರ ಕಿವಿ ಹಿಡಿದು ಎರಡು ಮಾತು ಆಡಿದಳು. ಎರಡೇ ಮಾತು. ಮಾವ ಪೂರ್ತಿ ಕತೆ ಹೇಳಿದರು: “ನೋಡು ಕುರಿಯಪ್ಪ, ನಿಮ್ಮ ಯಜಮಾನ ಪ್ರತಿ ವಾರ ಇಲ್ಲಿಗೆ ಬರ್ತಾನೆ, ಬಂದು ನಿದ್ದೆ ಮಾಡ್ತಾನೆ. ನೀನಾದ್ರೂ ಎಚ್ಚರ ಇದೀಯಲ್ಲ, ಕೂತ್ಕೋ, ಅಂತಿದಾಳೆ.” ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಟಿವಿಯೊಳಗಿನ ಜನ ಬೇರೆ ಯಾವುದಕ್ಕೋ ನಗುತ್ತಿದ್ದರು, ನಮ್ಮವರು ಮಾವನಿಗೆ ನಗುತ್ತಿದ್ದರು, ಎರಡೂ ನಗು ಒಂದೇ ಹೊತ್ತಿಗೆ ಹೇಗೆ ಕೂಡಿಬರುತ್ತಿತ್ತೋ ದೇವರೇ ಬಲ್ಲ.

ಮಾವ ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಗೊತ್ತಿತ್ತು. ಸತ್ಯ ಏನು ಅಂತ ಮಾತ್ರ ನನಗೂ ಗೊತ್ತಿರಲಿಲ್ಲ! ನಾನು ಓದಿದ ಇಂಗ್ಲಿಷ್ ಎಲ್ಲ ಪುಸ್ತಕದ್ದು. ಆ ಹಳ್ಳಿಯವರು ಬಾಯೊಳಗೆ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಹಾಗೆ ಆಡುತ್ತಿದ್ದ ಮಾತು ನನಗೆ ಹತ್ತಕ್ಕೆ ಎರಡು ತಿಳಿದರೆ ಹೆಚ್ಚು. ಮಾವ ಒಂದೊಂದು ಸಲ ಓರೆಗಣ್ಣಲ್ಲಿ ನನ್ನ ಕಡೆ ನೋಡೋರು. ನಾನು ಛಾವಣಿ ನೋಡುತ್ತಿದ್ದೆ. ಇಬ್ಬರ ಮರ್ಯಾದೆಯೂ ಹಾಗೆ ಉಳಿದುಕೊಂಡಿತ್ತು.

ಹೊಸ್ತಿಲಿನ ಹತ್ತಿರ, ಕಂಬಕ್ಕೆ ಒರಗಿ ಕೂತು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಸಾವಿತ್ರಿ. ರಸ್ತೆಯ ಮೂಲೆಯಲ್ಲಿದ್ದ ಹನುಮಪ್ಪನ ಗುಡಿಯ ಅರ್ಚಕರು ನರಸಿಂಹ ಭಟ್ಟರು, ಅವರ ಮಗಳು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು, ಮದುವೆ ಆಗಿರಲಿಲ್ಲ, ತಾಯಿ ಇಲ್ಲ. ಅಪ್ಪ ಮಗಳು ಗುಡಿಯ ಹಿಂದಿನ ಎರಡು ಕೋಣೆಯಲ್ಲಿದ್ದರು. ದುಂಡು ಮೈ, ದುಂಡು ಮುಖ. ಅವಳು ನಕ್ಕರೆ ಆಚೆ ರಸ್ತೆಯವರಿಗೆ ಕೇಳುತ್ತಿತ್ತು. “ಹೆಣ್ಣುಮಗಳು ಹಾಗೆ ನಗಬಾರದು ಕಣೇ” ಅಂತ ಯಾರಾದರೂ ಅಂದರೆ, “ನಾನೆಲ್ಲಿ ನಗ್ತೀನಿ, ಅದೇ ಬರುತ್ತೆ” ಅಂತ ಮತ್ತೆ ನಗುತ್ತಿದ್ದಳು.

ಆ ಗುಡಿ ಸಣ್ಣದೇ, ಆದರೆ ಅಲ್ಲಿಯ ಬೆಣ್ಣೆ ಅಲಂಕಾರಕ್ಕೆ ಸುತ್ತಮುತ್ತಲ ರಸ್ತೆಯವರೂ ಬರುತ್ತಿದ್ದರು. ಶನಿವಾರ ಸಂಜೆ ಗರ್ಭಗುಡಿಗೆ ಪರದೆ ಹಾಕಿ, ಒಳಗೆ ಹನುಮಪ್ಪನಿಗೆ ಮೈತುಂಬ ಬೆಣ್ಣೆ ಮೆತ್ತಿ, ಅದರ ಮೇಲೆ ದ್ರಾಕ್ಷಿ ಗೋಡಂಬಿಯಲ್ಲಿ ಕಣ್ಣು, ಕಿರೀಟ, ಹಾರ. ಗುಡಿ ಕಮಿಟಿಯ ಸೆಕ್ರೆಟರಿ, ಕಿರಾಣಿ ಅಂಗಡಿಯ ಗುರುಮೂರ್ತಿಗಳು ಬೆಣ್ಣೆ ಕೊಡುವವರು. ಪರದೆ ಸರಿದ ಕೂಡಲೇ ಅವರದೇ ಮೊದಲ ಉದ್ಗಾರ: “ಆಹಾ! ಭಟ್ಟರ ಬೆರಳಲ್ಲಿ ಸರಸ್ವತಿ ಇದಾಳೆ!”

ಪರದೆ ಎಳೆಯುವ ಹಕ್ಕು ಮಾತ್ರ ಕಮಿಟಿ ಪ್ರೆಸಿಡೆಂಟರದ್ದು, ಅಂದರೆ ನಮ್ಮ ರುದ್ರಪ್ಪ ಮಾವನದ್ದು. ಅವರು ಎಳೆಯುತ್ತಿದ್ದದ್ದು ಸಂಜೆ ಕಾರ್ಖಾನೆಯ ಸೈರನ್ ಕೂಗಿದಾಗ. ಭದ್ರಾವತಿಯವರಿಗೆ ಬೇರೆ ಮುಹೂರ್ತ ಬೇಡ. ಅನ್ನಕ್ಕಿಡೋದು ಸೈರನ್ನಿಗೆ, ಮಕ್ಕಳನ್ನು ಎಬ್ಬಿಸೋದು ಸೈರನ್ನಿಗೆ, ಹನುಮಪ್ಪನಿಗೂ ಮಂಗಳಾರತಿ ಸೈರನ್ನಿಗೆ. ಸೈರನ್ ಕೂಗಿತು ಅಂದರೆ ನಮ್ಮೂರಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ. ಕೈ ತಾನಾಗಿ ಕೆಲಸ ಶುರುಮಾಡುತ್ತದೆ.

ಆಷಾಢದ ಒಂದು ಶನಿವಾರ. ಜಿಟಿಜಿಟಿ ಮಳೆ, ಗುಡಿಯ ಮುಂದೆ ಛತ್ರಿಗಳ ಸಂತೆ. ಸೈರನ್ ಕೆಟ್ಟು ಎರಡು ದಿನವಾಗಿತ್ತು, ರಿಪೇರಿ ನಡೆಯುತ್ತಿತ್ತು. ರಿಪೇರಿ ಮುಗಿದ ಮೇಲೆ ಸರಿಯಾಯಿತೋ ಇಲ್ಲವೋ ಅಂತ ಕೂಗಿಸಿ ನೋಡಬೇಕಲ್ಲ, ನೋಡಿದರು. ಹೊತ್ತಿಗಿಂತ ಸ್ವಲ್ಪ ಮುಂಚೆ. ಮಾವನ ಕೈಗೆ ಅದೆಲ್ಲ ಹೇಗೆ ಗೊತ್ತಾಗಬೇಕು? ಸೈರನ್ ಊಂ ಅಂತ ಎದ್ದದ್ದೇ ತಡ, ಹಗ್ಗ ಹಿಡಿದು ಸರ್ರನೆ ಎಳೆದುಬಿಟ್ಟರು.

ಒಳಗೆ ಭಟ್ಟರು ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತು ಮಂತ್ರ ಹೇಳುತ್ತಿದ್ದರು. ಸಾವಿತ್ರಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕೈವರೆಗೆ ಬೆಣ್ಣೆ ಮಾಡಿಕೊಂಡು, ಹನುಮಪ್ಪನ ಒಂದು ಕಣ್ಣಿಗೆ ದ್ರಾಕ್ಷಿ ಕೂರಿಸುತ್ತಿದ್ದಳು. ಇನ್ನೊಂದು ಕಣ್ಣು ಇನ್ನೂ ಆಗಿರಲಿಲ್ಲ. ಹನುಮಪ್ಪ ಒಂದೇ ಕಣ್ಣಲ್ಲಿ ನಮ್ಮೆಲ್ಲರನ್ನೂ ನೋಡುತ್ತಿದ್ದ.

ಭಯಕ್ಕೋ ಏನೋ ಸಾವಿತ್ರಿಗೆ ನಗು ಬಂದುಬಿಟ್ಟಿತು. ಆ ನಗು ಗರ್ಭಗುಡಿಯ ಕಲ್ಲಿಗೆ ಬಡಿದು ನಾಲ್ಕು ಪಾಲಾಗಿ ಹೊರಗೆ ಬಂತು.

“ಶಿವ ಶಿವಾ!” ಅಂದರು ಗುರುಮೂರ್ತಿಗಳು. “ಹೆಂಗಸು! ಒಳಗೆ! ಅದೂ ಹನುಮಪ್ಪನ ಮೈ ಮೇಲೆ ಕೈಯಿಟ್ಟು!”

ಭಟ್ಟರು ಕಣ್ಣು ಬಿಟ್ಟರು. ಎದ್ದು ನಿಂತು ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಕೈ ಗಡಗಡ ನಡುಗುತ್ತಿದ್ದವು. “ನೋಡಿ. ಇದರಲ್ಲಿ ಅಲಂಕಾರ ಆಗುತ್ತಾ? ಹೋದ ವರ್ಷದಿಂದ ಮಂತ್ರ ನಂದು, ಕೈ ಅವಳದ್ದು. ನಾನೇ ಕಲಿಸಿದ್ದು. ತಪ್ಪು ಅನ್ನೋದಾದ್ರೆ ನನ್ನ ಅನ್ನಿ, ಅವಳನ್ನ ಅನ್ಬೇಡಿ.”

ಅಂದರೆ ವರ್ಷವಿಡೀ ಗುರುಮೂರ್ತಿಗಳು ಆಹಾ ಓಹೋ ಅಂದದ್ದು ಯಾರಿಗೆ? ಅದು ಅವರಿಗೂ ಹೊಳೆಯಿತು ಅಂತ ಕಾಣುತ್ತೆ, ಮುಖ ಕುಂಬಳಕಾಯಿ ಹಾಗೆ ಊದಿಕೊಂಡಿತು.

ಮಾರನೇ ದಿನವೇ ಕಮಿಟಿ ಕೂತಿತು. ಶ್ರಾವಣ ಹತ್ತಿರ ಬಂದಿದೆ, ಶ್ರಾವಣ ಶನಿವಾರಕ್ಕೆ ಜನ ಬರ್ತಾರೆ, ಅಷ್ಟರೊಳಗೆ ಶಿವಮೊಗ್ಗದಿಂದ ಹೊಸ ಅರ್ಚಕರನ್ನು ಕರೆಸೋದು, ಗುಡಿಯ ಹಿಂದಿನ ಕೋಣೆ ಅವರಿಗೆ ಬಿಡಿಸಿ ಕೊಡೋದು ಅಂತ ಗುರುಮೂರ್ತಿಗಳು ಹೇಳಿದರು. ಮಾವ ಏನಂದರು? “ಪದ್ಧತಿ ಅಂತ ಒಂದಿದೆಯಲ್ಲ” ಅಂದರಂತೆ. ಅಷ್ಟೇ. ಪ್ರೆಸಿಡೆಂಟರು ಅಷ್ಟು ಅಂದ ಮೇಲೆ ಇನ್ನೇನು, ಆಗೇಹೋಯಿತು. ಶ್ರಾವಣದ ಮೊದಲ ಶನಿವಾರಕ್ಕೆ ಮುಂಚೆ ಇನ್ನೊಂದು ಸಭೆಯಲ್ಲಿ ಅದನ್ನು ಖಾಯಂ ಮಾಡೋದು ಅಂತ ಎದ್ದರು.

ನಾನು ಸಾವಿತ್ರಿಯ ಹತ್ತಿರ ಹೋದೆ. ಹಿತ್ತಲಲ್ಲಿ ಗುಡಿಯ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಅವಳು ನಗದೆ ಇದ್ದದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ.

“ಎಲ್ಲಿಗೆ ಹೋಗ್ತೀರಕ್ಕ?”

“ಚಿಕ್ಕಪ್ಪ ಇದಾರೆ ತರೀಕೆರೇಲಿ. ಇರೋಕೆ ಜಾಗ ಎಲ್ಲಾದ್ರೂ ಸಿಗುತ್ತೆ ರೇಣು. ಆದ್ರೆ ಇವನ್ನ ಬಿಟ್ಟು ಹೆಂಗಿರ್ಲಿ?” ಗುಡಿಯ ಗೋಡೆಯ ಕಡೆ ಕೈ ತೋರಿಸಿದಳು. “ಬೆಳಗ್ಗೆ ಎದ್ದು ಇವನಿಗೆ ನೀರು ಹಾಕಿದ್ರೆ ನನಗೆ ದಿನ ಶುರು. ನನಗೆ ಬೇರೆ ಏನೂ ಬರಲ್ಲ, ಬೇರೆ ಏನೂ ಬೇಕಾಗೂ ಇಲ್ಲ. ಆ ಪಾದ್ರಮ್ಮನ ಪುಣ್ಯ ನೋಡು, ರಾಜಾರೋಷವಾಗಿ ಎಲ್ಲರೆದುರಿಗೆ ನಿಂತು ಪೂಜೆ ಮಾಡ್ತಾಳೆ. ನಾನು ಕಳ್ಳಿ ಹಾಗೆ ಪರದೆ ಹಿಂದೆ.”

ನನಗೆ ಕಣ್ಣಲ್ಲಿ ನೀರು ಬಂತು. ಅವಳೇ ಹುಣಸೆಹಣ್ಣಿನ ಕೈಯಲ್ಲಿ ನನ್ನ ಮೂಗು ಹಿಂಡಿ, “ಅಳುಮುಂಜಿ, ಹೋಗು ಓದ್ಕೋ” ಅಂದಳು.

ಓದಿಕೊಳ್ಳೋಕೆ ನಿಜವಾಗಿಯೂ ಇತ್ತು. ಶಂಕರಘಟ್ಟದಲ್ಲಿ ಸೆಮಿನಾರ್ ಅಂತ ಮುಂದಿನ ಭಾನುವಾರ ಗೆಳತಿಯ ಹಾಸ್ಟೆಲ್ಲಿನಲ್ಲೇ ಉಳಿದುಬಿಟ್ಟೆ. ಹಾಗಾಗಿ ಆ ವಾರದ ಪಾದ್ರಮ್ಮ ನನಗೆ ತಪ್ಪಿಹೋಯಿತು. ಸೋಮವಾರ ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಹಿಡಿದುಕೊಂಡಳು.

“ಎಂಥ ಪಾರ್ಟು ಬಿಟ್ಯೆ ಮಾರಾಯ್ತಿ! ಆ ಊರಿನ ಕಮಿಟಿ ಕೂತಿತ್ತು, ನಮ್ಮ ಥರಾನೇ. ಪಾದ್ರಮ್ಮ ಇರಬೇಕಾ ಹೋಗಬೇಕಾ ಅಂತ. ಎಲ್ಲರೂ ಅವರ ಪ್ರೆಸಿಡೆಂಟ್ ಮುಖ ನೋಡ್ತಿದಾರೆ. ನಾವೂ ಉಸಿರು ಬಿಗಿ ಹಿಡ್ಕೊಂಡು ಕೂತಿದೀವಿ. ಆ ಯಜಮಾನ ಎದ್ದು ನಿಂತು ಮೇಜು ಗುದ್ದಿ ಒಂದು ಮಾತು ಹೇಳಿದ. ನಿಮ್ಮ ಮಾವ ಸ್ವಲ್ಪ ಹೊತ್ತು ಸುಮ್ಮನೇ ಕೂತಿದ್ರು. ಆಮೇಲೆ ಹೇಳಿದ್ರು ನೋಡು!”

“ಏನಂದನಂತೆ ಆ ಯಜಮಾನ?”

ಅಮ್ಮ ನೆಟ್ಟಗೆ ನಿಂತು, ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದಳು: “ದೇವರಿಗೆ ಬೇಕಾಗಿರೋದು ಕೆಲಸ ಮಾಡೋ ಕೈ. ಆ ಕೈಗೆ ಬಳೆ ಇದೆಯೋ ವಾಚಿದೆಯೋ ಅಂತ ದೇವರು ನೋಡಲ್ಲ, ನಾವ್ಯಾಕೆ ನೋಡ್ಬೇಕು? ಅವಳು ಇಲ್ಲೇ ಇರ್ಲಿ.”

ಹೆಂಗಸರೆಲ್ಲ ಚಪ್ಪಾಳೆ ಹೊಡೆದರಂತೆ. ಪಕ್ಕದ ಮನೆಯ ಸೆಲ್ವಿಯಕ್ಕ ಶಿಳ್ಳೆ ಹಾಕಿದಳಂತೆ. ಗೌರತ್ತೆ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದರಂತೆ.

ಆ ವಾರ ಹೆಂಗಸರ ಮಧ್ಯೆ ಏನೋ ಗುಸುಗುಸು. ನಲ್ಲಿಯ ಹತ್ತಿರ ಎರಡು ಕೊಡ ತುಂಬೋಕೆ ಒಂದು ಗಂಟೆ ಹಿಡಿಯುತ್ತಿತ್ತು. ಸಭೆಯ ದಿನ ಸಂಜೆ ಕಮಿಟಿಯವರು ಗುಡಿಯ ಜಗುಲಿಯ ಮೇಲೆ ಜಮಖಾನ ಹಾಸಿ ಕೂತಿದ್ದರೆ, ರಸ್ತೆಯ ಹೆಂಗಸರೆಲ್ಲ ಒಬ್ಬರ ಹಿಂದೆ ಒಬ್ಬರು ಬಂದು ಎದುರಿಗೆ ಕೂತರು. ಕೆಲವರು ಸೊಪ್ಪು ಬಿಡಿಸುವ ಮೊರವನ್ನೂ ತಂದಿದ್ದರು. ಸಾವಿತ್ರಿ ಅಪ್ಪನ ಪಕ್ಕ ಬಾಗಿಲ ಹತ್ತಿರ ನಿಂತಿದ್ದಳು.

“ನೀವ್ಯಾಕೆ ಬಂದ್ರಿ?” ಅಂದರು ಗುರುಮೂರ್ತಿಗಳು.

“ಬೆಣ್ಣೆ ಅಲಂಕಾರ ನೋಡೋರು ನಾವೂ ಅಲ್ವಾ?” ಅಂದಳು ಅಮ್ಮ. “ಸಾವಿತ್ರಿ ಮಾಡಿದ್ರೆ ಏನಾಗುತ್ತೆ ಅಂತ ಕೇಳೋಕೆ ಬಂದ್ವಿ.”

“ಏನಾಗುತ್ತೆ ಅಂದ್ರೆ? ಹನುಮಪ್ಪ ಬ್ರಹ್ಮಚಾರಿ ಅಮ್ಮ! ಹೆಂಗಸು ಮುಟ್ಟಬಹುದಾ?”

ಗೌರತ್ತೆ ಸೊಪ್ಪು ಬಿಡಿಸುತ್ತಲೇ ಹೇಳಿದರು, “ನಿಮ್ಮ ಮಗನಿಗೆ ಇಪ್ಪತ್ತೈದಾಯ್ತು, ಅವನೂ ಬ್ರಹ್ಮಚಾರಿನೇ. ಹೋದ ದೀಪಾವಳೀಲಿ ಅವನ ತಲೆಗೆ ಎಣ್ಣೆ ಒತ್ತಿದ್ದು ಯಾರು, ಅವರಮ್ಮ ಅಲ್ವಾ? ಸೀತಮ್ಮನ್ನ ಅಮ್ಮ ಅಂತ ಕರೆದವನಿಗೆ ಯಾವ ಹೆಣ್ಣು ಕಂಡ್ರೂ ಅಮ್ಮನೇ.”

ಜಗುಲಿಯ ಮೇಲೂ ಒಂದಿಬ್ಬರು ನಕ್ಕರು. ಗುರುಮೂರ್ತಿಗಳು ಇನ್ನೊಂದು ಕಡೆಯಿಂದ ಬಂದರು. ದನಿ ತಗ್ಗಿಸಿ, “ಅಲ್ಲಮ್ಮ, ಹೆಂಗಸರು ಅಂದ ಮೇಲೆ... ತಿಂಗಳಿಗೆ ಮೂರು ದಿನ...” ಅಂತ ಎಳೆದರು.

“ಆ ಮೂರು ದಿನ ನೀವು ಮಾಡಿ ಗುರುಮೂರ್ತಿಗಳೇ,” ಅಂದಳು ಸೆಲ್ವಿಯಕ್ಕ ತನ್ನ ತಮಿಳು ಬೆರೆತ ಕನ್ನಡದಲ್ಲಿ. “ಸಾಮಿ ಸೇವೆ, ಪುಣ್ಯಂ ಬರುತ್ತೆ.” ಈ ಸಲ ಜಗುಲಿಯವರೆಲ್ಲ ನಕ್ಕರು. ಭಟ್ಟರೂ ನಕ್ಕರು.

ಆಗ ಅಮ್ಮ ಎದ್ದು ನಿಂತು ಮಾವನ ಕಡೆ ತಿರುಗಿದಳು. “ರುದ್ರಪ್ಪಣ್ಣ, ನೀವು ಸುಮ್ಮನೇ ಕೂತ್ರೆ ಹೆಂಗೆ? ದೇವರಿಗೆ ಬೇಕಾಗಿರೋದು ಕೆಲಸ ಮಾಡೋ ಕೈ, ಬಳೆ ಇದೆಯೋ ವಾಚಿದೆಯೋ ಅಂತ ನೋಡಲ್ಲ. ಆ ಊರಿನ ಪ್ರೆಸಿಡೆಂಟ್ ಹೇಳಿದ್ದಲ್ವಾ? ನಿಮ್ಮ ಬಾಯಿಂದಲೇ ಕೇಳಿದ್ದು. ಆ ದೊರೆಗಿರೋ ಬುದ್ಧಿ ನಮ್ಮ ಪ್ರೆಸಿಡೆಂಟರಿಗೆ ಇಲ್ವಾ?”

ಮಾವ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. “ಅದು ಸೀರಿಯಲ್ಲಮ್ಮ...”

ಗುರುಮೂರ್ತಿಗಳಿಗೆ ಅಲ್ಲಿಗೇ ಸುಮ್ಮನಾಗೋ ಬುದ್ಧಿ ಬಂದಿದ್ದರೆ ಕತೆ ಬೇರೆ ಆಗುತ್ತಿತ್ತು. ಅವರು ಗಹಗಹಿಸಿ ನಕ್ಕು, “ಅಯ್ಯೋ, ಯಾರ ಮಾತು ಕಟ್ಕೊಂಡು ಬಂದಿದೀರಮ್ಮ! ಇವರಿಗೆ ಇಂಗ್ಲಿಷ್ ಎಲ್ಲಿ ಬರುತ್ತೆ? ಅವನು ಹಾಗೆ ಅಂದೇ ಇರಲ್ಲ. ಎಲ್ಲ ಇವರು ಕಟ್ಟಿದ್ದು!” ಅಂದುಬಿಟ್ಟರು.

ಮಾವನ ಮುಖ ಕೆಂಪಾಯಿತು. ರಸ್ತೆಯ ಎಲ್ಲರ ಕಾಗದ ಓದಿದ ಮನುಷ್ಯ, ಎಲ್ಲರ ಔಷಧಿ ಹೇಳಿದ ಮನುಷ್ಯ. ಸುತ್ತ ನೋಡಿದರು. ನಾನು ಕಂಬದ ಹಿಂದೆ ಸರಿಯೋಕೆ ನೋಡಿದೆ, ಆಗಲಿಲ್ಲ.

“ರೇಣು, ಬಾ ಇಲ್ಲಿ. ನೀನು ಎಂ.ಎ. ಇಂಗ್ಲಿಷ್. ಎಲ್ಲರೆದುರಿಗೆ ಹೇಳು. ಆವತ್ತು ನಾನು ಹೇಳಿದ್ದು ಸರಿಯೋ ತಪ್ಪೋ?”

ನಾನು ಆವತ್ತು ಊರಲ್ಲೇ ಇರಲಿಲ್ಲ. ಅದು ಅಮ್ಮನಿಗೆ ಗೊತ್ತು, ಗೌರತ್ತೆಗೆ ಗೊತ್ತು, ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತು. ಒಬ್ಬರಾದರೂ ತುಟಿ ಪಿಟಕ್ ಅನ್ನಲಿಲ್ಲ. ಸೊಪ್ಪಿನ ಮೇಲಿದ್ದ ಕೈಗಳೆಲ್ಲ ನಿಂತಿದ್ದವು. ಸಾವಿತ್ರಿ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

“ಅಕ್ಷರ ಅಕ್ಷರವೂ ಸರಿ ಮಾವ,” ಅಂದೆ. “ನಮ್ಮ ಮೇಷ್ಟ್ರುಗಳಿಗೂ ಅಷ್ಟು ಚೆನ್ನಾಗಿ ಕನ್ನಡಕ್ಕೆ ತರೋಕಾಗಲ್ಲ.”

“ಕೇಳಿದ್ರಾ?” ಮಾವ ಎದೆ ಉಬ್ಬಿಸಿ ಗುರುಮೂರ್ತಿಗಳ ಕಡೆ ತಿರುಗಿದರು. “ಕೇಳಿದ್ರಾ? ಯೂನಿವರ್ಸಿಟಿನೇ ಒಪ್ಪಿದೆ!”

“ಸರಿ,” ಅಂದಳು ಅಮ್ಮ ತಣ್ಣಗೆ. “ಹಾಗಾದ್ರೆ ಈಗ ನೀವು ಹೇಳಿ.”

ಮಾವ ಅಮ್ಮನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು, ಆಮೇಲೆ ಸಾವಿತ್ರಿಯ ಮುಖ. “ಶ್ರಾವಣದ ಮೊದಲ ಶನಿವಾರ ಅವಳೇ ಮಾಡ್ಲಿ,” ಅಂದರು. “ಪರದೆ ಈಚೆ, ಎಲ್ಲರೆದುರಿಗೆ ಆರತಿ ಎತ್ತಲಿ. ನೋಡೋಣ.”

ಗುರುಮೂರ್ತಿಗಳು ಸೋಲುವವರಲ್ಲ. “ಆಗ್ಲಿ. ಮೊದಲ ತೀರ್ಥ ಪ್ರೆಸಿಡೆಂಟರಿಗೆ ತಾನೇ? ಊರ ಜನ ಎಲ್ಲ ಇರ್ತಾರೆ. ಅವರೆದುರಿಗೆ ನೀವು ಅವಳ ಕೈಯಿಂದ ತೀರ್ಥ ತಗೊಂಡ್ರೆ ನಾನು ಇನ್ನು ಮಾತಾಡಲ್ಲ. ನಿಮ್ಮ ಕೈ ಹಿಂದೆ ಬಂತೋ, ಸೋಮವಾರವೇ ಹೊಸ ಅರ್ಚಕರು.”

ಆ ಶನಿವಾರ ಬಂದ ಮಳೆ ಇನ್ನೂ ನೆನಪಿದೆ. ಛತ್ರಿಗೆ ನಿಲ್ಲದ ಮಳೆ. ಆದರೂ ಗುಡಿಯ ಮುಂದೆ ಜನವೋ ಜನ. ಸುದ್ದಿ ಊರೆಲ್ಲ ಹರಡಿತ್ತಲ್ಲ, ಭಕ್ತಿಗೆ ಬಂದವರಿಗಿಂತ ತಮಾಷೆ ನೋಡೋಕೆ ಬಂದವರೇ ಹೆಚ್ಚು. ಕಾರ್ಖಾನೆಯಿಂದ ಬಂದ ಗಂಡಸರು ಸೈಕಲ್ ಹಿಡಿದುಕೊಂಡೇ ನಿಂತಿದ್ದರು. ಒಳಗೆ ಪರದೆ ಹಿಂದಿನಿಂದ ಭಟ್ಟರ ಮಂತ್ರ ಕೇಳುತ್ತಿತ್ತು. ಮಾವ ಹಗ್ಗ ಹಿಡಿದು ನಿಂತಿದ್ದರು, ಬೆವರುತ್ತಿದ್ದರು.

ಸೈರನ್ ಕೂಗಿತು. ಸರಿಯಾದ ಹೊತ್ತಿಗೆ. ಆದರೆ ಮಾವ ಎಳೆಯಲಿಲ್ಲ! ಜೀವನದಲ್ಲಿ ಮೊದಲ ಸಲ ಸೈರನ್ ಕೂಗಿಯೂ ಅವರ ಕೈ ಅಲ್ಲಾಡಲಿಲ್ಲ. ಪರದೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ, “ಆಯ್ತೇನಮ್ಮ ಸಾವಿತ್ರಿ?” ಅಂತ ಕೇಳಿದರು.

“ಆಯ್ತು ಮಾವ, ಎಳೀರಿ.”

ಪರದೆ ಸರಿಯಿತು. ಅಂಥ ಹನುಮಪ್ಪನನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಬೆಣ್ಣೆಯ ಮೈ, ದ್ರಾಕ್ಷಿಯ ಕಣ್ಣು ಎರಡೂ, ತುಟಿಗೆ ಚೆರ್ರಿಹಣ್ಣು. ಸಾವಿತ್ರಿ ಅವನ ತುಟಿಗೆ ಸಣ್ಣದೊಂದು ನಗು ಕೊಟ್ಟಿದ್ದಳು. ಅವಳೇ ಆರತಿ ಎತ್ತಿದಳು, ಭಟ್ಟರು ಗಂಟೆ ಹೊಡೆದರು. ಹಿಂದಿನ ಸಾಲಿನಿಂದ ಯಾರೋ “ಆಹಾ!” ಅಂದರು. ತಿರುಗಿ ನೋಡಿದರೆ ಗುರುಮೂರ್ತಿಗಳು! ಪಾಪ, ಅಭ್ಯಾಸಬಲ, ಬಾಯಿಂದ ಜಾರಿಬಿಟ್ಟಿತ್ತು. ತಕ್ಷಣ ಕೆಮ್ಮಿದರು.

ಸಾವಿತ್ರಿ ತೀರ್ಥದ ಬಟ್ಟಲು ಹಿಡಿದು ಮಾವನ ಎದುರಿಗೆ ಬಂದಳು. ಉದ್ಧರಣೆಯಲ್ಲಿ ತೀರ್ಥ ತುಂಬಿ ಮುಂದೆ ಹಿಡಿದಳು. ಮಾವ ನಿಂತರು. ಜನ ಕತ್ತು ಚಾಚಿದರು. ಮಾವನ ಬಲಗೈ ಅರ್ಧಕ್ಕೆ ಬಂದು ಅಲ್ಲೇ ನಿಂತಿತು.

ಅಷ್ಟರಲ್ಲಿ ಸಾವಿತ್ರಿಗೆ ಮತ್ತೆ ನಗು ಬಂತು. ಹೆದರಿಕೆಯ ನಗು. ತಡೆಯೋಕೆ ತುಟಿ ಕಚ್ಚಿದಳು, ಕೆನ್ನೆ ಉಬ್ಬಿಸಿದಳು, ಆಗಲಿಲ್ಲ. ಆ ನಗು ಗುಡಿ ತುಂಬ ಉರುಳಿತು. ಮಾವನ ಮೀಸೆ ಅಲ್ಲಾಡಿತು. ಅವರೂ ನಕ್ಕರು. ನಗುತ್ತಲೇ ಕೈ ಪೂರ್ತಿ ಮುಂದೆ ಚಾಚಿ, ಎಡಗೈಯನ್ನು ಕೆಳಗೆ ಹಿಡಿದು, “ಹಾಕಮ್ಮ. ಒಂದು ಹನಿನೂ ಕೆಳಗೆ ಬೀಳಬಾರದು,” ಅಂದರು. ತೀರ್ಥ ತಗೊಂಡು ಕಣ್ಣಿಗೆ ಒತ್ತಿಕೊಂಡರು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು.

ಆಮೇಲೆ ನೂಕುನುಗ್ಗಲು! ಸೈಕಲ್ಲುಗಳು ಒಂದರ ಮೇಲೊಂದು ಬಿದ್ದವು. ಸೆಲ್ವಿಯಕ್ಕ ಗುಡಿ ಅನ್ನೋದನ್ನೂ ಮರೆತು ಶಿಳ್ಳೆ ಹಾಕಿದಳು. ಭಟ್ಟರು ಗಂಟೆ ಹೊಡೆಯುವುದನ್ನು ನಿಲ್ಲಿಸಲೇ ಇಲ್ಲ, ಕಣ್ಣಿಂದ ನೀರು ಸುರಿಯುತ್ತಿತ್ತು. ಅಮ್ಮ ಮತ್ತು ಗೌರತ್ತೆ ತಬ್ಬಿಕೊಂಡು ನಿಂತಿದ್ದರು. ಎಲ್ಲರದೂ ಆದ ಮೇಲೆ ಗುರುಮೂರ್ತಿಗಳು ಬೇರೆಲ್ಲೋ ನೋಡುತ್ತ ಕೈ ಚಾಚಿದರು. ಸಾವಿತ್ರಿ ಅವರಿಗೆ ಒಂದರ ಬದಲು ಎರಡು ಉದ್ಧರಣೆ ತೀರ್ಥ ಹಾಕಿ, “ಬೆಣ್ಣೆ ಚೆನ್ನಾಗಿತ್ತಣ್ಣ” ಅಂದಳು. ಅಷ್ಟಕ್ಕೇ ಅವರು ಕರಗಿಹೋದರು. ಆ ವರ್ಷದ ಶ್ರಾವಣದಷ್ಟು ಸಂತೋಷವಾಗಿ ನಮ್ಮ ರಸ್ತೆ ಮತ್ತೆ ಯಾವಾಗಲೂ ಇರಲಿಲ್ಲ ಅಂತ ನನಗೆ ಅನಿಸುತ್ತೆ.

ಮೊನ್ನೆ ಶನಿವಾರ ಮಗಳನ್ನೂ ಕರೆದುಕೊಂಡು ಜನ್ನಾಪುರಕ್ಕೆ ಹೋದೆ. ಮಾವನಿಗೆ ಈಗ ಬೆನ್ನು ಬಾಗಿದೆ, ಗತ್ತು ಬಾಗಿಲ್ಲ. ಗೌರತ್ತೆ ಕಾಫಿ ಕೊಟ್ಟು, ಗುಡಿಯ ಸಮಾಚಾರ ಎಲ್ಲ ಹೇಳಿದರು. ಆ ಮೂರು ದಿನದ ಪೂಜೆಯನ್ನು ಗುರುಮೂರ್ತಿಗಳು ಕೊನೆಗೂ ವಹಿಸಿಕೊಂಡರಂತೆ, ಎಷ್ಟೋ ವರ್ಷ ಶ್ರದ್ಧೆಯಿಂದ ಮಾಡಿದರಂತೆ. ಈಗ ಸಾವಿತ್ರಿಗೆ ವಯಸ್ಸಾಗಿ ಆ ಮೂರು ದಿನವೂ ನಿಂತಿವೆ, ಗುರುಮೂರ್ತಿಗಳಿಗೆ ಪೂಜೆ ಇಲ್ಲ. “ನನ್ನ ಕೈಗೆ ಪೂಜೆನೇ ಇಲ್ಲದ ಹಾಗೆ ಮಾಡಿದ್ಲು” ಅಂತ ಅಂಗಡಿಗೆ ಬಂದವರ ಹತ್ತಿರ ಗೊಣಗುತ್ತಾರಂತೆ.

ನಾನು ಮಾವನ ಪಕ್ಕ ಹೋಗಿ ಕೂತೆ.

“ಮಾವ, ಆ ಪಾದ್ರಮ್ಮನ ಸೀರಿಯಲ್ಲು ಮತ್ತೆ ನೋಡಿದೆ. ಈಗ ಕೆಳಗೆ ಬರೆದು ತೋರಿಸ್ತಾರೆ. ಕಮಿಟಿ ಕೂತಿದ್ದು, ಆ ಯಜಮಾನ ಎದ್ದು ಮೇಜು ಗುದ್ದಿದ್ದು, ಅದನ್ನೂ ನೋಡಿದೆ.”

ಮಾವ ಕಾಫಿ ಲೋಟದೊಳಗೆ ನೋಡುತ್ತಿದ್ದರು.

“ಅವನು ಹೇಳಿದ್ದು ಒಂದೇ ಮಾತು ಮಾವ. ‘ನೋ’ ಅಂತ. ಅಷ್ಟೇ. ಬಳೆನೂ ಇಲ್ಲ, ವಾಚೂ ಇಲ್ಲ.”

ಮಾವ ಲೋಟ ಕೆಳಗಿಟ್ಟರು. “ಗೊತ್ತು,” ಅಂದರು.

“ಗೊತ್ತಾ?”

“ಅದೊಂದು ಮಾತು ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯೇನೆ ಮಾರಾಯ್ತಿ? ಆ ಪರದೇಶದ ಇಂಜಿನಿಯರುಗಳ ಹಿಂದೆ ತಿರುಗಿದ್ನಲ್ಲ, ಅವರ ಬಾಯಲ್ಲಿ ನಾನು ದಿನಾ ಕೇಳ್ತಿದ್ದಿದ್ದು ಅದೊಂದೇ. ನನಗೆ ನೆಟ್ಟಗೆ ಬರೋ ಇಂಗ್ಲಿಷ್ ಅಂದ್ರೆ ಅದೊಂದೇ.” ಲೋಟವನ್ನು ಪಕ್ಕಕ್ಕೆ ಸರಿಸಿ ಮತ್ತೆ ಹೇಳಿದರು, “ಹೊತ್ತಲ್ಲದ ಹೊತ್ತಲ್ಲಿ ಪರದೆ ಎಳೆದು ಅವಳನ್ನ ಬೀದಿಗೆ ತಂದವನು ನಾನು. ಸಭೆಯಲ್ಲಿ ಬಾಯಿ ಬರಲಿಲ್ಲ ನನಗೆ. ಆವತ್ತು ಟಿವಿ ನೋಡುವಾಗ ಸಾವಿತ್ರಿ ಹೊಸ್ತಿಲ ಹತ್ರ ಕೂತು ನನ್ನ ಬಾಯನ್ನೇ ನೋಡ್ತಿದ್ಲು, ಅವನು ಏನಂದ ಅಂತ. ಆ ಮುಖಕ್ಕೆ ‘ನೋ’ ಅಂತ ಹೆಂಗೆ ಹೇಳ್ಲಿ ರೇಣು?”

ಮಾವನ ಕೈ ಹಿಡಿದುಕೊಂಡೆ. ಮಾವ ಕೈ ಬಿಡಿಸಿಕೊಂಡು ಕೋಲು ಹುಡುಕಿದರು. “ನಡಿ ನಡಿ, ಹೊತ್ತಾಯ್ತು. ನಾನಿಲ್ಲದೆ ಪರದೆ ತೆಗೆಯಲ್ಲ ಅವಳು.”

ಗುಡಿಯ ಮುಂದೆ ಜನ ಸೇರಿದ್ದರು. ಈಗ ಸೈರನ್ನಿಗೆ ಯಾರೂ ಕಾಯುವುದಿಲ್ಲ. ಮಾವ ಹಗ್ಗ ಹಿಡಿದು ನಿಂತರು. ಒಳಗಿನಿಂದ ನನಗೆ ಗೊತ್ತಿದ್ದ ಅದೇ ದನಿ ಬಂತು: “ಆಯ್ತು ಮಾವ, ಎಳೀರಿ!”

ಪರದೆ ಸರಿಯಿತು. ಬೆಣ್ಣೆ ಹನುಮಪ್ಪನ ಪಕ್ಕ ನರೆತ ಕೂದಲ ಸಾವಿತ್ರಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೊಣಕೈವರೆಗೆ ಬೆಣ್ಣೆ. ನನ್ನನ್ನು ಕಂಡವಳೇ ಆರತಿ ಎತ್ತುವುದನ್ನೂ ಮರೆತು ಜೋರಾಗಿ ನಕ್ಕಳು.

ಮಗಳು ನನ್ನ ಸೆರಗು ಜಗ್ಗಿ ಕೇಳಿದಳು, “ಅಮ್ಮ, ಇವರೇನಾ ನಿಮ್ಮ ಪಾದ್ರಮ್ಮ?”

ನಾನು ಬಾಯಿ ತೆರೆಯುವ ಮೊದಲೇ ಮಾವ ತೀರ್ಥಕ್ಕೆ ಕೈ ಚಾಚುತ್ತ, ಗುಡಿಗೆಲ್ಲ ಕೇಳುವ ಹಾಗೆ, ತಮ್ಮ ಇಂಗ್ಲಿಷಿನಲ್ಲಿ ಹೇಳಿದರು:

“ಯೆಸ್!”